ಹಡಗಿಗೆ ಎಷ್ಟು ಜನ

"ಇನ್ನೊಂದ್ಸಲ ಗಟ್ಟಿಯಾಗಿ ಹಿಡೀರಿ ಅಂಕಲ್, ಟೇಪು ಸಡಿಲ ಆಯ್ತು," ಎಂದು ಪಂಚಾಕ್ಷರಿ ಗಾಡಿಯ ಹಿಂಬದಿಯಿಂದ ಕೂಗಿದ.

ಮುಂದಿನ ಬಂಪರಿನ ಬಳಿ ಮಂಡಿಯೂರಿದ್ದ ರಾಬರ್ಟ್ ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. "ಇದು ಮೂರನೇ ಸಲ ಮಾರಾಯ. ಹಡಗಿಗೆ ಹತ್ತಿಸ್ಲಿಕ್ಕೆ ಅಳೆಯುವುದಾ, ಅಲ್ಲ ಇದಕ್ಕೆ ರವಕೆ ಹೊಲಿಸ್ಲಿಕ್ಕುಂಟಾ?"

ಪಂಚಾಕ್ಷರಿ ನಗಲಿಲ್ಲ. ಹಿಂದುಗಡೆ ಸೈಕಲ್ ನೇತುಹಾಕುವ ಕಬ್ಬಿಣದ ಚೌಕಟ್ಟು ಚಾಚಿಕೊಂಡಿತ್ತು. ಅದನ್ನು ಸೇರಿಸಿ ಅಳೆಯಬೇಕೋ ಬಿಟ್ಟು ಅಳೆಯಬೇಕೋ ಎನ್ನುವುದು ಅವನಿಗೆ ಬೆಳಗಿನಿಂದ ಬಗೆಹರಿದಿರಲಿಲ್ಲ. ಹಡಗಿನವರು ಗಾಡಿಯ ಉದ್ದಕ್ಕೆ ತಕ್ಕಂತೆ ಜಾಗ ಹಂಚುತ್ತಾರೆ. ಹೇಳಿದ್ದಕ್ಕಿಂತ ಗಾಡಿ ಉದ್ದವಿದ್ದರೆ ದಡದಲ್ಲೇ ಬಿಟ್ಟು ಹೋಗಲೂಬಹುದು ಎಂದು ಅವನು ಎಲ್ಲೋ ಓದಿದ್ದ. ಸೇರಿಸಿಯೇ ಅಳೆದ. ಬಂದ ಅಂಕಿಯನ್ನು ಫೋನಿನಲ್ಲಿ ಬರೆದುಕೊಂಡು, ಅದರ ಮೇಲೆ ಇನ್ನೊಂದು ಗೇಣು ಸೇರಿಸಿದ.

ಪರ್ತ್ ನಗರದ ಅಂಚಿನ ಹ್ಯಾರಿಸ್‌ಡೇಲಿನ ಆ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಪಂಚಾಕ್ಷರಿಯ ಮನೆ ಮಾತ್ರ ಈಗ ತಿರುವಿನಿಂದಲೇ ಗುರುತು ಸಿಗುತ್ತಿತ್ತು. ಮುಂದೆ ನಿಂತ ಬಿಳಿಯ ಮೋಟಾರ್‌ಹೋಮ್ ಗ್ಯಾರೇಜಿನ ಬಾಗಿಲನ್ನೂ ಊಟದ ಕೋಣೆಯ ಕಿಟಕಿಯನ್ನೂ ಮರೆಮಾಡಿತ್ತು. ಅಡಿಗೆ, ಸ್ನಾನ, ನಿದ್ದೆ ಎಲ್ಲಕ್ಕೂ ಒಳಗೇ ಜಾಗವಿದ್ದ ಆ ಗಾಡಿಯನ್ನು ಅವನು ಫೆಬ್ರವರಿಯಲ್ಲಿ ಕ್ಯಾನಿಂಗ್ಟನ್ನಿನ ಒಬ್ಬ ಮುದುಕನಿಂದ ಕೊಂಡಿದ್ದ. ಕೀಲಿ ಕೊಡುವಾಗ ಮುದುಕ, "ದಿಬ್ಬ ಹತ್ತುವಾಗ ಅವಳಿಗೆ ಅವಸರ ಮಾಡಬೇಡ," ಎಂದಿದ್ದ. ಮಾತು ಗಾಡಿಯ ಬಗ್ಗೆ ಎಂದು ತಿಳಿಯಲು ಪಂಚಾಕ್ಷರಿಗೆ ಒಂದು ಕ್ಷಣ ಹಿಡಿದಿತ್ತು.

ರಾಬರ್ಟ್ ಸೊಂಟ ಹಿಡಿದುಕೊಂಡು ಎದ್ದರು. ಮಂಗಳೂರಿನವರು, ಅರ್ಧ ಆಯಸ್ಸು ಕುವೈತಿನಲ್ಲಿ ಏರ್‌ಕಂಡೀಷನರ್ ರಿಪೇರಿ ಮಾಡಿ, ಮಗಳ ಹಿಂದೆ ಪರ್ತ್‌ಗೆ ಬಂದು ನೆಲೆಸಿದವರು. ಎರಡು ವರ್ಷದ ಹಿಂದೆ ಹೆಂಡತಿ ಡೋರಿಸ್ ಜೊತೆ ಇದೇ ದಾರಿಯಲ್ಲಿ ಕಾಂಗರೂ ದ್ವೀಪಕ್ಕೆ ಹೋಗಿಬಂದಿದ್ದರು.

"ಗ್ಯಾಸ್ ಸಿಲಿಂಡರ್ ಬಂದ್ ಮಾಡ್ಲಿಕ್ಕೆ ಮರೀಬೇಡ. ಹತ್ತುವ ಮೊದಲು ಕೇಳ್ತಾರೆ. ಮತ್ತೆ ಜೇನುತುಪ್ಪ ತಕೊಂಡು ಹೋಗ್ಲಿಕ್ಕಿಲ್ಲ."

"ಗೊತ್ತು ಅಂಕಲ್. ಅಲ್ಲಿನ ಜೇನುಹುಳಕ್ಕೆ ಕಾಯಿಲೆ ತಗಲುತ್ತೆ ಅಂತ."

"ನಮ್ಮ ಡೋರಿಸ್ ಕೆಮ್ಮಿಗೆ ಅಂತ ಒಂದು ಬಾಟ್ಲಿ ಇಟ್ಟಿದ್ಳು. ಎಸೀಲಿಕ್ಕೆ ಮನಸ್ಸು ಬರದೆ ಕಾರಲ್ಲೇ ಕೂತು ಇಬ್ರೂ ಪೂರಾ ತಿಂದದ್ದು. ಆಮೇಲೆ ಹಡಗಲ್ಲಿ ಎಂತಾಯ್ತು ಅಂತ ನನ್ನತ್ರ ಕೇಳ್ಬೇಡ." ಟೇಪನ್ನು ಸುತ್ತಿ ಕೈಗಿತ್ತು, ಅದೇ ಧಾಟಿಯಲ್ಲಿ ಕೇಳಿದರು: "ಸುಮತಿ ಬರ್ತಾಳಲ್ಲ?"

"ಬರ್ತೀನಿ ಅಂದಿದಾಳೆ."

"ಹೌದಾ?" ರಾಬರ್ಟ್ ಮಂಡಿಯ ಮಣ್ಣು ಒರೆಸಿಕೊಂಡರು. "ಡೋರಿಸ್ ಮೊನ್ನೆ ಫೋನ್ ಮಾಡಿದ್ಳಂತೆ ಅವಳಿಗೆ. ಟ್ರಿಪ್ಪಿನ ಮಾತು ಬರ್ಲಿಲ್ಲ ಅಂತ ಹೇಳಿದ್ಳು. ಮರ್ತಿರ್ಬೇಕು. ಬಂದ್ರೆ ಒಳ್ಳೇದೇ."

ಅವನ ಹೆಂಡತಿ ಸುಮತಿ ಬ್ರಿಸ್ಬೇನಿಗೆ ಹೋಗಿ ವರ್ಷ ತುಂಬುತ್ತ ಬಂದಿತ್ತು. ಆಸ್ಪತ್ರೆಗಳ ಬಿಲ್ಲಿನ ಸಾಫ್ಟ್‌ವೇರ್ ಮಾಡುವ ಅವಳ ಕಂಪನಿಗೆ ಅಲ್ಲಿ ದೊಡ್ಡ ಆಫೀಸಿತ್ತು. ಅಲ್ಲಿ ಮೇಲಿನ ಹುದ್ದೆ ಖಾಲಿಯಾದಾಗ, "ಒಂದು ವರ್ಷ ನೋಡ್ತೀನಿ ರೀ," ಎಂದು ಹೊರಟಿದ್ದಳು. ಮಗಳು ಪೂರ್ವಿ ಅಷ್ಟರಲ್ಲಿ ಓದಲು ಅಡಿಲೇಡಿಗೆ ಹೋಗಿಯಾಗಿತ್ತು. ಪಂಚಾಕ್ಷರಿ ಎಂದಿನಂತೆ ಎರಡು ವಾರ ಉತ್ತರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಯಾರೂ ಜಗಳವಾಡಿರಲಿಲ್ಲ, ಬೇರೆಯಾಗುವ ಮಾತನ್ನು ಯಾರೂ ಎತ್ತಿರಲಿಲ್ಲ. ಯುಗಾದಿ ಊಟದಲ್ಲಿ ಕನ್ನಡದ ಹೆಂಗಸರು ವಿಚಾರಿಸಿದರೆ ಅವನು "ಪ್ರಾಜೆಕ್ಟು ಮುಗೀಬೇಕು" ಎನ್ನುತ್ತಿದ್ದ. ಯಾವ ಪ್ರಾಜೆಕ್ಟು ಎಂದು ಅವನಿಗೂ ಗೊತ್ತಿರಲಿಲ್ಲ.

ಜನವರಿಯಲ್ಲಿ ಅವಳು ಒಂದು ವಾರಕ್ಕೆ ಬಂದಿದ್ದಳು. ಆ ವಾರವೆಲ್ಲ ಹೇಳಬೇಕೆಂದುಕೊಂಡು ಹೇಳಲಾಗದ್ದನ್ನು ಅವನು ಕೊನೆಗೆ ಏರ್‌ಪೋರ್ಟಿನ ದಾರಿಯಲ್ಲಿ ಹೇಳಿದ. ಒಂದು ಗಾಡಿ ತೆಗೆದುಕೊಳ್ಳೋಣ. ಏಪ್ರಿಲಿನಲ್ಲಿ ಪೂರ್ವಿಗೆ ರಜ. ನಾನು ಪರ್ತ್‌ನಿಂದ ಓಡಿಸಿಕೊಂಡು ಅಡಿಲೇಡಿಗೆ ಬರುತ್ತೇನೆ, ನೀನು ವಿಮಾನದಲ್ಲಿ ಅಲ್ಲಿಗೆ ಬಾ. ಮೂವರೂ ಹಡಗಿನಲ್ಲಿ ದ್ವೀಪಕ್ಕೆ ಹೋಗೋಣ, ಆಮೇಲೆ ರಸ್ತೆಯಲ್ಲೇ ಬ್ರಿಸ್ಬೇನಿಗೆ. ಒಂದೇ ಉಸಿರಿಗೆ ಹೇಳಿದ್ದರಿಂದ ಎಲ್ಲವೂ ಹೇಳಿಯಾಯಿತೋ ಇಲ್ಲವೋ ಎಂಬ ಅನುಮಾನ ಅವನಿಗಿತ್ತು. ಇಳಿಸುವ ಜಾಗದಲ್ಲಿ ಕಿತ್ತಳೆ ಜಾಕೆಟ್ಟಿನವನೊಬ್ಬ ಕಾರು ಮುಂದೆ ತೆಗೆಯುವಂತೆ ಕೈಬೀಸುತ್ತಿದ್ದ. "ನೀನೂ ಬಾ ಸುಮತಿ," ಎಂದ. ಅವಳು ಸೂಟ್‌ಕೇಸಿನ ಹಿಡಿ ಎಳೆದು ನಿಲ್ಲಿಸಿಕೊಂಡು, ಅವನ ಮುಖ ನೋಡಿ, "ಸರಿ ರೀ. ಬರ್ತೀನಿ," ಎಂದಳು.

ಆ ಮಾತಿನ ಮೇಲೆ ಅವನು ಗಾಡಿ ಕೊಂಡಿದ್ದ.

ಯೋಜನೆ ಹಾಕುವುದೇ ಅವನ ಕಸುಬು. ಅದಿರು ಪುಡಿಮಾಡುವ ಯಂತ್ರಗಳನ್ನು ನಿಲ್ಲಿಸಿ ರಿಪೇರಿ ಮಾಡುವ ದಿನಗಳಲ್ಲಿ ಯಾರು ಯಾವ ಬೋಲ್ಟನ್ನು ಯಾವಾಗ ಬಿಚ್ಚಬೇಕೆಂದು ಮುಂಚೆಯೇ ಗೊತ್ತುಮಾಡುವವನು ಅವನು. ಭದ್ರಾವತಿಯಲ್ಲಿ ಫಿಟ್ಟರಾಗಿದ್ದವನು ಇಲ್ಲಿ ಸಂಜೆ ಕ್ಲಾಸಿಗೆ ಹೋಗಿ ಆ ಕೆಲಸದ ಸರ್ಟಿಫಿಕೇಟು ಪಡೆದಿದ್ದ. ಇಂಜಿನಿಯರುಗಳ ನಡುವೆ ಕೂತಾಗ ತನ್ನ ಲೆಕ್ಕ ತಪ್ಪಿರಬಹುದೆಂಬ ಭಯ ಅವನನ್ನು ಬಿಟ್ಟಿರಲಿಲ್ಲ. ಅದರಿಂದಲೇ ಅವನ ಲೆಕ್ಕ ತಪ್ಪುತ್ತಿರಲಿಲ್ಲ. ಈ ಪ್ರವಾಸಕ್ಕೂ ಅವನು ಅದೇ ರೀತಿ ಕೂತ. ನಲ್ಲಾರ್‌ಬೋರ್ ಬಯಲಿನಲ್ಲಿ ಯಾವ ಪೆಟ್ರೋಲ್ ಬಂಕಿನಲ್ಲಿ ಡೀಸೆಲ್ ಸಿಗುತ್ತದೆ, ಸೆಡೂನಾದ ತಪಾಸಣೆಯಲ್ಲಿ ಹಣ್ಣು ತರಕಾರಿ ಕಿತ್ತುಕೊಳ್ಳುವುದರಿಂದ ಅದರ ಮುಂಚೆ ಏನೇನು ಬೇಯಿಸಿ ಮುಗಿಸಬೇಕು, ದ್ವೀಪದ ಮಣ್ಣುರಸ್ತೆಯಲ್ಲಿ ಟೈರಿನ ಗಾಳಿ ಎಷ್ಟಿಳಿಸಬೇಕು. ಹುಳಿಪುಡಿ, ಚಟ್ನಿಪುಡಿ, ಗೊಜ್ಜವಲಕ್ಕಿಯ ಪುಡಿ ಡಬ್ಬಿಗೆ ಸೇರಿದವು. ಬ್ರಿಸ್ಬೇನ್ ಆದಮೇಲೆ ಏನೆಂದು ಮಾತ್ರ ಅವನು ಬರೆದಿರಲಿಲ್ಲ. ಅಷ್ಟು ದಿನ ಪಕ್ಕದ ಸೀಟಿನಲ್ಲಿ ಕೂತು ಬಂದವಳು ತನ್ನ ಮನೆಯ ಮುಂದೆ ಇಳಿಯದೆ, "ನಡೀರಿ, ಹಾಗೇ ಪರ್ತ್‌ಗೆ ಹೋಗೋಣ" ಎನ್ನುತ್ತಾಳೆ ಎಂದು ಅವನ ಮನಸ್ಸು ಹೇಳುತ್ತಿತ್ತು. ಅದನ್ನು ಬರೆಯಲು ಮಾತ್ರ ಕೈ ಬರಲಿಲ್ಲ.

ಹಡಗಿನ ಬುಕಿಂಗಿನಲ್ಲಿ ಗಾಡಿಯ ಉದ್ದದ ಕೆಳಗೆ ಪ್ರಯಾಣಿಕರು ಎಷ್ಟು ಜನ ಎಂದು ಕೇಳಿತ್ತು. ಅಲ್ಲಿಗೆ ಬಂದು ಅವನು ನಿಂತಿದ್ದ. ಸುಮತಿಗೆ ಮೆಸೇಜು ಕಳಿಸಿದ: ಅಡಿಲೇಡಿಗೆ ಯಾವ ವಿಮಾನ? ಸಂಜೆ ಉತ್ತರ ಬಂತು. "ನೋಡೋಣ ರೀ."

ಭಾನುವಾರ ಬೆಳಿಗ್ಗೆ ಪೂರ್ವಿ ವಿಡಿಯೊದಲ್ಲಿ ಕಾಣಿಸಿಕೊಂಡಳು. ಎರಡು ವರ್ಷದ ಮಗುವಾಗಿ ಆಸ್ಟ್ರೇಲಿಯಾಕ್ಕೆ ಬಂದವಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ನಾಲಿಗೆ ಮಾತ್ರ ಇಂಗ್ಲಿಷಿನದು. ಅವನು ಕಳಿಸಿದ್ದ ಯೋಜನೆಯನ್ನು ತೆರೆದಿಟ್ಟುಕೊಂಡು ಸಿರಿಯಲ್ ತಿನ್ನುತ್ತಿದ್ದಳು.

"ಅಪ್ಪಾ, ದಿಸ್ ಈಸ್ ಇನ್ಸೇನ್. ಟಾಯ್ಲೆಟ್ ಬ್ರೇಕ್ ಕೂಡ ಇದೆ."

"ಇರ್ಲಿ ಬಿಡಮ್ಮ. ಬರೆದಿಟ್ರೆ ಒಳ್ಳೇದಲ್ವಾ."

"ಅಮ್ಮ ಆ್ಯಕ್ಚುಲಿ ಸೆಡ್ ಯೆಸ್?"

"ಹ್ಞೂಂ. ಬರ್ತೀನಿ ಅಂದ್ಲು. ನನ್ನೆದುರಿಗೇ."

"ವೆನ್?"

"ಜನವರೀಲಿ ವಾಪಸ್ ಹೋಗೋವಾಗ. ಏರ್‌ಪೋರ್ಟಲ್ಲಿ."

ಪೂರ್ವಿಯ ಚಮಚ ಅರ್ಧಕ್ಕೇ ನಿಂತಿತು. ಆಮೇಲೆ ಅವಳು ನಕ್ಕಳು. "ಅಪ್ಪ! ಬರ್ತೀನಿ ಮೀನ್ಸ್ ಬೈ."

"ಏನು?"

"ಬೈ. ನೀನು ಮೈನ್ ಸೈಟಿಗೆ ಹೋಗುವಾಗ ಎವ್ರಿ ಟೈಮ್ ಬಾಗಿಲಲ್ಲಿ ‘ಬರ್ತೀನಿ ಪುಟ್ಟಾ’ ಅಂತಿದ್ದೆ. ಐ ಥಾಟ್ ಇಟ್ ಮೆಂಟ್ ಬೈ. ಡೇಕೇರಲ್ಲಿ ಎಲ್ರಿಗೂ ಬರ್ತೀನಿ ಬರ್ತೀನಿ ಅಂತ ವೇವ್ ಮಾಡ್ತಿದ್ದೆ, ರಿಮೆಂಬರ್? ಅಮ್ಮ ಯೂಸ್ಡ್ ಟು ಟೆಲ್ ಎವ್ರಿವನ್..."

ಹೇಳುತ್ತ ಹೇಳುತ್ತ ಅವಳ ನಗು ತಾನಾಗಿ ಆರಿತು. ಪರದೆಯಲ್ಲಿ ಅಪ್ಪನ ಮುಖ ಅಲ್ಲಾಡದೆ ಇತ್ತು. ನೆಟ್‌ವರ್ಕ್ ಹೋಯಿತೇನೋ ಎಂದು ಅವಳು "ಅಪ್ಪ?" ಎಂದಳು.

"ಇದೀನಮ್ಮ."

"ಮೇ ಬಿ ಐ ಆ್ಯಮ್ ರಾಂಗ್. ಜಸ್ಟ್ ಆಸ್ಕ್ ಹರ್. ಪ್ರಾಪರ್ಲಿ ಕೇಳು."

"ಕೇಳ್ತೀನಿ. ನೀನು ತಿನ್ನು, ಮೆತ್ತಗಾಗುತ್ತೆ ಅದು."

ಫೋನು ಇಟ್ಟಮೇಲೆ ಅವನು ಬಹಳ ಹೊತ್ತು ಅಲ್ಲೇ ಕೂತಿದ್ದ. ದುಃಖ ಬರಬಹುದೆಂದು ಕಾದ. ಬರಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಎದ್ದಾಗ ತೋಳು ಜೋಮು ಹಿಡಿದು, ಮುಟ್ಟಿದರೂ ಬೇರೆ ಯಾರದೋ ತೋಳು ಮುಟ್ಟಿದಂತಾಗುತ್ತದಲ್ಲ, ಹಾಗಿತ್ತು. ‘ಹೋಗ್ತೀನಿ’ ಅನ್ನಬಾರದು, ಅದು ಸತ್ತವರು ಹೋಗುವ ಹೋಗುವಿಕೆ, ‘ಬರ್ತೀನಿ’ ಅನ್ನಬೇಕು ಎಂದು ಅವನಿಗೆ ಕಲಿಸಿದವಳು ಅವನ ತಾಯಿ. ಮದುವೆಯಾದ ಹೊಸದರಲ್ಲಿ ಸುಮತಿ ಒಮ್ಮೆ ಬಾಯ್ತಪ್ಪಿ "ಹೋಗ್ತೀನತ್ತೆ" ಎಂದದ್ದಕ್ಕೆ ಹೊಸ್ತಿಲಿಂದ ವಾಪಸು ಕರೆದು ಕೂರಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿ ಕಳಿಸಿದ್ದಳು. ಗೊತ್ತಿರದ ಮಾತೇನಲ್ಲ ಅದು. ಹಾಲು ಸಕ್ಕರೆಯಷ್ಟೇ ದಿನಬಳಕೆಯದು. ಆದರೂ ‘ಸರಿ’ ಅಂದಿದ್ದಳಲ್ಲ. ಸರಿ ಎಂಬುದಕ್ಕೆ ಬೇರೆ ಅರ್ಥವಿದೆಯೇ? ಅವನು ಆ ಒಂದು ಮಾತನ್ನು ಹಿಡಿದುಕೊಂಡು ಬ್ರಿಸ್ಬೇನಿಗೆ ಟಿಕೆಟ್ ತೆಗೆದ.

ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯಲ್ಲಿ ಸುಮತಿಯ ಮನೆ ಹೆದ್ದಾರಿಯ ಮಗ್ಗುಲಿನ ಒಂದು ಬೀದಿಯಲ್ಲಿ, ಮೊದಲ ಮಹಡಿಯಲ್ಲಿತ್ತು. ಬಾಗಿಲು ತೆರೆದವಳು, "ಬನ್ನಿ, ಬನ್ನಿ. ಬಸ್ಸಲ್ಲಿ ಬಂದ್ರಾ? ಹೇಳಿದ್ರೆ ನಾನೇ ಬರ್ತಿದ್ನಲ್ಲ," ಎಂದಳು. ಕೂದಲು ಕತ್ತರಿಸಿಕೊಂಡಿದ್ದಳು. ಅವನು ಬೂಟು ಬಿಚ್ಚಿ ಎಲ್ಲಿಡಬೇಕೆಂದು ನೋಡಿದ. ಅಲ್ಲಿ ಅವಳ ಚಪ್ಪಲಿ, ಅವಳ ನಡಿಗೆಯ ಶೂಗಳು ಒಂದು ಚಿಕ್ಕ ಹಲಗೆಯ ಮೇಲೆ ಸಾಲಾಗಿದ್ದವು. ಹಲಗೆಯಲ್ಲಿ ಜಾಗವಿರಲಿಲ್ಲ. ಗೋಡೆಗೆ ಒತ್ತಿ ನೆಲದ ಮೇಲಿಟ್ಟ.

ಅವಳು ಅಕ್ಕಿರೊಟ್ಟಿ ತಟ್ಟಿದಳು. ಬಾಲ್ಕನಿಯ ಕುಂಡದಿಂದ ಕರಿಬೇವು ಕಿತ್ತು ತಂದು ಚಟ್ನಿಗೆ ಒಗ್ಗರಣೆ ಹಾಕಿದಳು. "ಇಲ್ಲಿನ ಹವಾಕ್ಕೆ ಹೆಂಗೆ ಬರುತ್ತೆ ನೋಡಿ. ಪರ್ತಲ್ಲಿ ಎಷ್ಟು ಒದ್ದಾಡಿದ್ರೂ ಚಿಗುರ್ತಿರ್ಲಿಲ್ಲ." ಅವನು ಹೌದೆಂದ. ಹೆದ್ದಾರಿಯ ಸದ್ದು ದೂರದ ತೊರೆಯಂತೆ ಒಂದೇ ಸಮನೆ ಕೇಳುತ್ತಿತ್ತು. ಎರಡನೆಯ ರೊಟ್ಟಿ ಮುಗಿದಮೇಲೆ ಅವನು ಚೀಲದಿಂದ ಮಡಿಚಿದ ಕಾಗದಗಳನ್ನು ತೆಗೆದು ಮೇಜಿನ ಮೇಲೆ ಹರಡಿದ. ತಾನು ತಿಳಿದುಕೊಂಡದ್ದು ತಪ್ಪೇ ಆದರೂ ಯೋಜನೆ ತೋರಿಸದೆ ಹೋಗುವುದು ಸರಿಯಲ್ಲ ಎನಿಸಿತ್ತು.

ಸುಮತಿ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಓದಿದಳು. ಆಫೀಸಿನ ಕಾಗದ ಓದುವಂತೆ, ಒಂದೊಂದು ಸಾಲನ್ನೂ.

"ಎರಡನೇ ಡ್ರೈವರ್ ಸುಮತಿ," ಎಂದು ಗಟ್ಟಿಯಾಗಿ ಓದಿದಳು. "ನಾನು ಇಷ್ಟು ದೊಡ್ಡ ಗಾಡಿ ಓಡಿಸ್ತೀನಾ?"

"ಸಣ್ಣ ಸಣ್ಣ ಅಂತರ ಮಾತ್ರ. ಹಡಗು ಹತ್ತೋದು ಕೇಪ್ ಜರ್ವಿಸಲ್ಲಿ, ಆ ದಾರೀಲಿ ಯಾಂಕಲಿಲ್ಲಾ ಅನ್ನೋ ಊರಲ್ಲಿ ಬದಲಾಯಿಸ್ಕೊಳ್ಳೋದು. ಅಲ್ಲಿ ನಿಲ್ಲಿಸೋಕೆ ಜಾಗ ಚೆನ್ನಾಗಿದೆ."

"ಕೆಳಗಿನ ಹಾಸಿಗೆ ಸುಮತಿ, ಮಂಡಿನೋವು." ಅವಳು ತಲೆಯೆತ್ತಿದಳು. "ಮಂಡಿನೋವು ಹೋಯ್ತು ರೀ. ದಿನಾ ಬೆಳಿಗ್ಗೆ ನಡೀತೀನಿ ಇಲ್ಲಿ. ಪಾರ್ಕಿನ ಸುತ್ತ."

"ಹೌದಾ. ಗೊತ್ತಿರ್ಲಿಲ್ಲ."

"ಹೇಳ್ಲಿಲ್ಲ ನಾನು."

ಅವಳು ಕೊನೆಯ ಹಾಳೆಗೆ ಬಂದಳು. "ಬ್ರಿಸ್ಬೇನ್ ಆದ್ಮೇಲೆ ಖಾಲಿ ಬಿಟ್ಟಿದೀರ."

"ಅದು ಇನ್ನೂ ಹಾಕಿಲ್ಲ."

"ನೀವು ಖಾಲಿ ಬಿಡೋರಲ್ಲ." ಅವಳು ಹಾಳೆಗಳನ್ನು ಜೋಡಿಸಿ, ಅಂಚು ಸಮಮಾಡಿ, ಅವನ ಕಡೆ ಸರಿಸಿದಳು. "ರೀ, ನಾನು ಯಾವಾಗ ಬರ್ತೀನಿ ಅಂದೆ?"

"ಏರ್‌ಪೋರ್ಟಲ್ಲಿ."

"ಹೊರಟು ನಿಂತಿದ್ದೆ ರೀ ನಾನು. ಹೊರಡೋವಾಗ ಮತ್ತೇನು ಹೇಳ್ಲಿ?"

"ಸರಿ ಅಂದ್ಯಲ್ಲ."

"ಹೊತ್ತಾಯ್ತು ಅಂತ ಅಂದೆ. ಆ ಮನುಷ್ಯ ಕಾರು ತೆಗೀರಿ ಅಂತ ಬಡ್ಕೋತಿದ್ದ." ಅವಳು ರೊಟ್ಟಿಯ ತಟ್ಟೆಯನ್ನು ಬದಿಗೆ ಸರಿಸಿದಳು. "ನೀವು ಕೇಳಿದ್ದು ಕೇಳಿಸ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಕೇಳಿಸ್ತು. ಆಮೇಲೆ ಗಾಡಿ ಫೋಟೊ ಕಳ್ಸಿದ್ರಿ. ಪರದೆ ಬಟ್ಟೆ ಯಾವ ಬಣ್ಣ ಅಂತ ಕೇಳಿದ್ರಿ. ಆಗ್ಲೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ."

"ನೀಲಿ ಅಂದಿದ್ದೆ."

"ಹ್ಞೂಂ. ನೀಲಿ ಅಂದೆ."

ಒಲೆಯ ಮೇಲೆ ಕಾವಲಿ ಬಿಸಿಯಾಗಿಯೇ ಇತ್ತು. ಅವಳು ಎದ್ದು ಆರಿಸಿ ಬಂದಳು.

"ನಾನೇನು ತಪ್ಪು ಮಾಡಿದೆ ಹೇಳು," ಎಂದ. ಜಗಳಕ್ಕಲ್ಲ. ಯಂತ್ರ ನಿಂತಾಗ ಎಲ್ಲಿ ಕೆಟ್ಟಿದೆ ಎಂದು ವಿಚಾರಿಸುವ ದನಿಯಲ್ಲಿ ಕೇಳಿದ.

"ತಪ್ಪೇನೂ ಇಲ್ಲ ರೀ. ನೀವು ಸೈಟಿಗೆ ಹೋದಾಗ ನಿಮಗೆ ಕಾಯ್ತಿದ್ದೆ. ಬಂದ್ಮೇಲೆ ನೀವು ಮಲಗಿರ್ತಿದ್ರಿ, ಏಳೋದಕ್ಕೆ ಕಾಯ್ತಿದ್ದೆ. ಆಮೇಲೆ ಪೂರ್ವಿ ಸ್ಕೂಲಿಂದ ಬರೋದಕ್ಕೆ. ಇಪ್ಪತ್ತು ವರ್ಷ ಅದೇ ಆಯ್ತು. ಇಲ್ಲೂ ಒಬ್ಳೇ ಇದೀನಿ. ಆದ್ರೆ ಯಾರಿಗೂ ಕಾಯ್ತಾ ಇಲ್ಲ." ಅವಳು ಕನ್ನಡಕ ತೆಗೆದಳು. "ಇದು ಹೇಳಿದ್ರೆ ಯಾರಿಗೂ ದೊಡ್ಡ ಕಾರಣ ಅನ್ಸಲ್ಲ. ನಮ್ಮಮ್ಮನಿಗೆ ಹೇಳಿದ್ರೆ ನಗ್ತಾಳೆ."

ಅವನು ನಗಲಿಲ್ಲ. ಅವಳಿಗೆ ಉತ್ತರವಾಗಿ ಹೇಳಬಹುದಾದದ್ದು ಏನೋ ಇರಲೇಬೇಕು, ಓದಿದವರಿಗೆ ಅದು ತಕ್ಷಣ ಹೊಳೆಯುತ್ತಿತ್ತೇನೋ ಎಂದು ಹುಡುಕಿದ. ಅವನ ಕಣ್ಣು ಗಾಡಿಯ ಉದ್ದ ಬರೆದಿದ್ದ ಸಾಲಿನ ಮೇಲೆ ನಿಂತಿತ್ತು.

"ಬುಕಿಂಗು ಮುಗಿಸ್ಬೇಕು," ಎಂದ. "ಹಡಗಿಗೆ ಎಷ್ಟು ಜನ ಅಂತ ಹಾಕ್ಲಿ?"

ಸುಮತಿ ಅವನನ್ನು ನೋಡಿದಳು. ಜನವರಿಯಲ್ಲಿ ನೋಡಿದಂತೆಯೇ, ನೇರವಾಗಿ.

"ಇಬ್ರು ಅಂತ ಹಾಕಿ."

ಅವನು ತಲೆಯಾಡಿಸಿ ಕಾಗದಗಳನ್ನು ಮಡಿಚಿದ. ಅವಳು ಉಳಿದ ರೊಟ್ಟಿಯನ್ನು ಫಾಯಿಲ್ ಹಾಳೆಯಲ್ಲಿ ಸುತ್ತಿ ಕೊಟ್ಟಳು, ವಿಮಾನದಲ್ಲಿ ತಿನ್ನಲು. ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತ ಅವನು ತಡಮಾಡಿದ. ಹೊರಡುವವನು ಹೇಳುವ ಮಾತು ಒಂದೇ. ಅದಕ್ಕೆ ಬದಲಿ ಎಂದೂ ಬೇಕಾಗಿರಲಿಲ್ಲ. ಎದ್ದು ನಿಂತು, "ಹೊರಟೆ," ಎಂದ.

"ಸಂಜೆ ಹೊತ್ತು ಗಾಡಿ ಓಡಿಸ್ಬೇಡಿ. ಕಾಂಗರೂಗಳು ಅಡ್ಡ ಬಂದ್ಬಿಡ್ತವೆ," ಎಂದಳು ಸುಮತಿ. ಮೆಟ್ಟಿಲಿಳಿದು ಬೀದಿಗೆ ಬರುವವರೆಗೂ ಬಾಗಿಲು ಹಾಕಿದ ಸದ್ದು ಕೇಳಲಿಲ್ಲ.

ಏಪ್ರಿಲಿನಲ್ಲಿ ಅವನು ಹೊರಟ. ಡೋರಿಸ್ ಉಪ್ಪಿನಕಾಯಿಯ ಬಾಟಲಿ ತಂದು ಗಾಡಿಯೊಳಗೆ ತಾನೇ ಭದ್ರವಾಗಿ ಇಟ್ಟಳು. ರಾಬರ್ಟ್ ಏನೂ ಕೇಳದೆ ಚಕ್ರಗಳನ್ನು ಒಂದೊಂದಾಗಿ ಒದ್ದು ನೋಡಿ, "ಹೋಗಿ ಬಾ ಮಾರಾಯ, ದೇವರು ಒಳ್ಳೇದು ಮಾಡ್ಲಿ," ಎಂದರು. ಮರವೇ ಇಲ್ಲದ ಬಯಲಿನಲ್ಲಿ ರಸ್ತೆ ದಿನಗಟ್ಟಲೆ ತಿರುಗದೆ ಸಾಗಿತು. ಬರೆದಿದ್ದ ಕಡೆ ನಿಲ್ಲಿಸಿದ, ಬರೆದಿದ್ದ ಹೊತ್ತಿಗೆ ಉಂಡ. ಸೆಡೂನಾದಲ್ಲಿ ತಪಾಸಣೆಯವಳು ಫ್ರಿಜ್ಜಿನ ಬಾಗಿಲು ತೆಗೆದು, ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ನಿಂಬೆಹಣ್ಣನ್ನು ಕ್ಷಮೆ ಕೇಳಿ ತೆಗೆದುಕೊಂಡಳು. ಅವನಿಗೆ ಮುಖ ಬಿಸಿಯಾಯಿತು. ಅದು ಹೇಗೆ ಕಣ್ತಪ್ಪಿತೆಂದು ಮುಂದಿನ ಊರಿನವರೆಗೂ ಯೋಚಿಸಿದ. ಇಷ್ಟು ದಿನದಲ್ಲಿ ಅವನಿಗೆ ನಿಜವಾಗಿ ಚುರುಕೆಂದದ್ದು ಅದೊಂದೇ.

ಅಡಿಲೇಡಿನಲ್ಲಿ ಪೂರ್ವಿ ತನ್ನ ಗೆಳತಿಯರ ಜೊತೆಗಿದ್ದ ಮನೆಯ ಮುಂದೆ ಚೀಲ ಹಿಡಿದು ಕಾದಿದ್ದಳು. ಗಾಡಿಯ ಒಳಗೆಲ್ಲ ನೋಡಿ, ನೀಲಿ ಪರದೆಗಳನ್ನು ಒಮ್ಮೆ ಸರಿಸಿ ಮುಚ್ಚಿ, "ನೈಸ್, ಅಪ್ಪ," ಎಂದಳು. ಅಮ್ಮನ ಮಾತು ಎತ್ತಲಿಲ್ಲ. ಊರು ದಾಟಿ ಗುಡ್ಡಗಳ ನಡುವೆ ಬಂದಮೇಲೆ ಕೇಳಿದಳು.

"ಐಲೆಂಡ್ ಆದ್ಮೇಲೆ ವೇರ್ ಡು ವಿ ಗೋ?"

"ನೋಡೋಣ."

ನೋಡೋಣ ಎಂದರೇನು ಎಂಬುದು ಅವಳಿಗೂ ಗೊತ್ತಿತ್ತು. ಅವಳು ಹೊರಗೆ ನೋಡತೊಡಗಿದಳು.

ಯಾಂಕಲಿಲ್ಲಾದಲ್ಲಿ, ಡ್ರೈವರ್ ಬದಲಾಯಿಸಬೇಕೆಂದು ಬರೆದಿದ್ದ ಕಡೆ, ಅವನು ಮರಗಳ ನೆರಳಿಗೆ ಗಾಡಿ ನಿಲ್ಲಿಸಿದ. ಇಂಜಿನ್ ಆರಿಸಿ, ಬಾಗಿಲು ತೆರೆದು ಇಳಿದ. ಗಾಡಿಯ ಮುಂದಿನಿಂದ ಸುತ್ತಿ ಬಂದು ಪೂರ್ವಿಯ ಕಿಟಕಿಯ ಹತ್ತಿರ ನಿಂತ. ಅವಳು ಗಾಜು ಇಳಿಸಿ, "ವಾಟ್?" ಎಂದಳು. "ಏನಿಲ್ಲ," ಎಂದ. ಹಿಂದಿನಿಂದ ಸುತ್ತಿ, ಚಕ್ರಗಳನ್ನು ನೋಡುವವನಂತೆ ನೋಡಿ, ಮತ್ತೆ ತನ್ನದೇ ಸೀಟಿಗೆ ಹತ್ತಿ ಕೂತ. ಪೂರ್ವಿಯ ಮಡಿಲಲ್ಲಿ ಫೋನಿತ್ತು. ಅದರಲ್ಲಿ ಅವನ ಯೋಜನೆಯ ಹಾಳೆ ತೆರೆದಿತ್ತು. ಅವಳು ಅದನ್ನು ಬೋರಲು ಹಾಕಿ, ಕೈ ಚಾಚಿ, ಅಪ್ಪನ ಸೀಟ್‌ಬೆಲ್ಟನ್ನು ತಾನೇ ಸಿಕ್ಕಿಸಿದಳು.

ಕೇಪ್ ಜರ್ವಿಸಿನಲ್ಲಿ ಗಾಳಿ ಜೋರಾಗಿತ್ತು. ಪ್ರಯಾಣಿಕರು ನಡೆದು ಹತ್ತಬೇಕು, ಗಾಡಿಯಲ್ಲಿ ಡ್ರೈವರ್ ಒಬ್ಬನೇ. ಪೂರ್ವಿ ಇಳಿದು ಟೋಪಿ ಹಿಡಿದುಕೊಂಡು ಇತರರ ಹಿಂದೆ ಹೋದಳು. ಅವನು ಸಾಲಿನಲ್ಲಿ ನಿಧಾನ ಸರಿದು, ಕೈಸನ್ನೆ ಮಾಡಿದವನನ್ನೇ ನೋಡುತ್ತ ಹಡಗಿನ ಹೊಟ್ಟೆಯೊಳಗೆ ಗಾಡಿ ತೂರಿಸಿದ. ಹಿಂದೆ ಮುಂದೆ ಬೇಕಾದಷ್ಟು ಜಾಗ ಉಳಿಯಿತು. ಗ್ಯಾಸು ಬಂದ್ ಆಗಿದೆಯೇ ಎಂದು ಎರಡು ಸಲ ನೋಡಿ, ಹ್ಯಾಂಡ್‌ಬ್ರೇಕ್ ಎಳೆದು, ಕಿರಿದಾದ ಮೆಟ್ಟಿಲು ಹತ್ತಿ ಮೇಲೆ ಹೋದ.

ದಡ ಬಿಟ್ಟ ಸ್ವಲ್ಪ ಹೊತ್ತಿಗೇ ಹಡಗು ಹೊಯ್ದಾಡತೊಡಗಿತು. ಮೇಲಿನ ಕೋಣೆಯ ಬೆಂಚಿನಲ್ಲಿ ಪೂರ್ವಿ ಬಿಳಿಚಿಕೊಂಡು ಕೂತಿದ್ದಳು. ಅವನು ಪಕ್ಕದಲ್ಲಿ ಕೂತ ಕೂಡಲೇ ಅವನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು.

"ಅಪ್ಪ, ಆರ್ ಯು ಓಕೆ?"

"ಚೆನ್ನಾಗಿದೀನಮ್ಮ. ಮಾತಾಡ್ಬೇಡ, ವಾಂತಿ ಬರುತ್ತೆ."

ಆಗಲೇ ಕೆಳಗಿನಿಂದ ಸದ್ದು ಬಂತು. ಅಲೆಯ ಹೊಡೆತಕ್ಕೆ ಯಾವುದೋ ಗಾಡಿಯ ಅಲಾರಂ ಹೊಡೆದುಕೊಳ್ಳತೊಡಗಿತ್ತು. ಪಂಚಾಕ್ಷರಿ ಸೆಟೆದು ಕೂತ. ತನ್ನ ಗಾಡಿಗೆ ಅಲಾರಮ್ಮೇ ಇಲ್ಲ ಎಂದು ನೆನಪಾಯಿತು. ಆದರೂ ಎದ್ದು ಮೆಟ್ಟಿಲ ಬಾಗಿಲಿನವರೆಗೆ ಹೋದ. ಅದಕ್ಕೆ ಬೀಗ ಹಾಕಿತ್ತು. ಅಲ್ಲಿ ನಿಂತಿದ್ದ ಹಡಗಿನ ಹುಡುಗಿ, ದಡ ಮುಟ್ಟುವವರೆಗೆ ಯಾರೂ ಕೆಳಗಿಳಿಯುವಂತಿಲ್ಲ, ಇದು ಯಾವಾಗಲೂ ಹೀಗೇ, ಚಿಂತಿಸಬೇಡಿ ಎಂದು ನಕ್ಕಳು. ಅವನು ಅವಳಿಗೆ ಥ್ಯಾಂಕ್ಸ್ ಹೇಳಿ ಬಂದು ಕೂತ. ಪೂರ್ವಿ ಮತ್ತೆ ಭುಜ ಹುಡುಕಿಕೊಂಡಳು.

ಸದ್ದು ಒಮ್ಮೆ ನಿಂತು, ಮುಂದಿನ ಅಲೆಗೆ ಮತ್ತೆ ಶುರುವಾಯಿತು. ಮೊದಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದ ಜನ ಆಮೇಲೆ ತಮ್ಮ ತಮ್ಮ ಮಾತಿಗೆ ತಿರುಗಿದರು. ಎದುರು ಬೆಂಚಿನ ಹೆಂಗಸು ಬಿಸ್ಕತ್ತು ಮುರಿದು ಮಗುವಿನ ಬಾಯಿಗಿಟ್ಟಳು. ಕಿಟಕಿಯ ಗಾಜಿಗೆ ನೀರು ಹೊಡೆದು ಇಳಿಯುತ್ತಿತ್ತು. ಕೆಳಗೆ, ಮುಚ್ಚಿದ ಬಾಗಿಲುಗಳ ಆಚೆ, ಯಾರದೋ ಗಾಡಿ ಕೂಗುತ್ತಲೇ ಇತ್ತು.